ಮೊಸರು ಬಂತೆಂದರೆ ಊಟ ಮುಗಿಯಿತು: ಬಸವನಗುಡಿಯ ಯಾತ್ರಿಕರ ಪಂಕ್ತಿ

ಬಸವನಗುಡಿಯ ಹಳೆಯ ಮನೆಯೊಂದರ ನಡುಮನೆಯಲ್ಲಿ ತಿಂಗಳಿಗೆ ಎರಡು ಶನಿವಾರ ಒಂದು ವಿಶೇಷ ಊಟ ನಡೆಯುತ್ತದೆ. ಮಧ್ಯಯುಗದಲ್ಲಿ ನಮ್ಮ ಕರಾವಳಿಗೆ, ವಿಜಯನಗರಕ್ಕೆ, ಬೀದರಿಗೆ ಬಂದುಹೋದ ಪರದೇಶದ ಯಾತ್ರಿಕರು ತಾವು ಕಂಡದ್ದನ್ನೂ ಉಂಡದ್ದನ್ನೂ ಬರೆದಿಟ್ಟ ಭಾಗಗಳನ್ನು ಒಬ್ಬರು ಕನ್ನಡದಲ್ಲಿ ಓದುತ್ತಾರೆ. ಓದಿದ ಪದಾರ್ಥ ಒಂದೊಂದಾಗಿ ಎಲೆಗೆ ಬರುತ್ತದೆ. ಪಂಕ್ತಿಗೆ 24 ಜನ, ಸಸ್ಯಾಹಾರಕ್ಕೆ ತಲೆಗೆ 1,400 ರೂಪಾಯಿ, ಕೋಳಿ ಮೀನು ಬೇಕೆನ್ನುವವರಿಗೆ 1,750. ಇನ್ನೂ ಪ್ರಯೋಗದ ಹಂತದಲ್ಲಿದ್ದೇವೆ, ಹೆಸರು ಹಾಕಬೇಡಿ ಎಂದು ನಡೆಸುವವರು ಕೇಳಿಕೊಂಡಿದ್ದರಿಂದ ಹೆಸರೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಬರೆಯುತ್ತಿದ್ದೇನೆ.

ನನ್ನ ಜೊತೆಗೆ ಬಂದವರು ನನ್ನ ಸೋದರತ್ತೆ. ಹೊನ್ನಾವರದ ಸಮೀಪದ ಹಳ್ಳಿಗೆ ಮದುವೆಯಾಗಿ ಹೋಗಿ, ಐವತ್ತು ವರ್ಷ ಅಲ್ಲಿಯ ಒಲೆಯ ಮುಂದೆ ಕಳೆದು, ಈಗ ಮಳೆಗಾಲಕ್ಕೆಂದು ಮಗಳ ಮನೆಗೆ ಬಂದಿರುವವರು. ಈ ಬರಹದಲ್ಲಿ ಅಡುಗೆಯ ಬಗ್ಗೆ ಇರುವ ತೀರ್ಪುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅವರವೇ. ಒಂದು ಊಟಕ್ಕೆ 1,400 ರೂಪಾಯಿ ಎಂದು ಗೊತ್ತಾಗಿದ್ದರೆ ಅವರು ಮನೆಯ ಹೊಸಿಲನ್ನೇ ದಾಟುತ್ತಿರಲಿಲ್ಲವಾದ್ದರಿಂದ ಬೆಲೆಯನ್ನು ಈವರೆಗೂ ಅವರಿಗೆ ಹೇಳಿಲ್ಲ.

ನ್ಯಾಷನಲ್ ಕಾಲೇಜು ಮೆಟ್ರೊ ನಿಲ್ದಾಣದಲ್ಲಿ ಇಳಿದು, ಗಾಂಧಿ ಬಜಾರಿನ ಹೂವಿನ ಅಂಗಡಿಗಳನ್ನು ಹಾದು ನಡೆದು ಹೋಗುವುದೇ ಒಳ್ಳೆಯದು. ಕಾರು ನಿಲ್ಲಿಸಲು ಆ ಬೀದಿಯಲ್ಲಿ ಜಾಗವಿಲ್ಲ ಎಂಬುದೊಂದೇ ಅದಕ್ಕೆ ಕಾರಣವಲ್ಲ. ಬಾಗಿಲಲ್ಲಿ ಒಬ್ಬೊಬ್ಬರ ಕೈಗೂ ಒಂದೊಂದು ಗುಲಾಬಿ ಕೊಟ್ಟು, ಅಬ್ದುರ್ ರಜಾಕನ ಒಂದು ಮಾತನ್ನು ಹೇಳಿ ಒಳಗೆ ಕರೆಯುತ್ತಾರೆ. 1413ರಲ್ಲಿ ಹೆರಾತಿನಲ್ಲಿ ಹುಟ್ಟಿದ ಈತ ತೈಮೂರನ ಮಗ ಶಾರುಖನ ರಾಯಭಾರಿಯಾಗಿ ಹೊರಟು, ಹಡಗಿನ ವಾಸನೆಗೇ ಮೂರ್ಛೆ ಹೋಗಿ, ಕಲ್ಲಿಕೋಟೆಯಲ್ಲಿ ಬೇಸತ್ತು, ಮಂಗಳೂರಿನ ಮಾರ್ಗವಾಗಿ 1443ರಲ್ಲಿ ಎರಡನೆಯ ದೇವರಾಯನ ವಿಜಯನಗರವನ್ನು ತಲುಪಿದವನು. ಅಲ್ಲಿ ಎಲ್ಲೆಲ್ಲೂ ಗುಲಾಬಿ ಮಾರುವುದನ್ನು ಕಂಡು, ಈ ಜನಕ್ಕೆ ಗುಲಾಬಿಯಿಲ್ಲದೆ ಬದುಕಿಲ್ಲ, ಅನ್ನದಷ್ಟೇ ಅದೂ ಅಗತ್ಯ ಎಂಬರ್ಥದಲ್ಲಿ ಬರೆದ. ಈ ಯಾತ್ರಿಕರಲ್ಲಿ ಯಾರೂ ಬೆಂಗಳೂರನ್ನು ಕಂಡವರಲ್ಲ. ಕೆಂಪೇಗೌಡರು ಇಲ್ಲಿ ಕೋಟೆ ಕಟ್ಟಿಸಿದ್ದು 1537ರಲ್ಲಿ, ರಜಾಕ್ ಬಂದುಹೋಗಿ ತೊಂಬತ್ತು ವರ್ಷ ಕಳೆದ ಮೇಲೆ. ಆದರೂ ಸುರಿಯುವ ಮಳೆಯಲ್ಲಿ ಕೊಡೆಯನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಮೊಳದ ಲೆಕ್ಕದಲ್ಲಿ ಚೌಕಾಸಿ ಮಾಡುತ್ತಿದ್ದವರನ್ನು ಆಗತಾನೆ ದಾಟಿ ಬಂದಿದ್ದ ನನಗೆ ಆ ಮಾತು ಪರಕೀಯವೆನಿಸಲಿಲ್ಲ.

ಎಲೆಯ ಪಕ್ಕದಲ್ಲಿ ಅಂದಿನ ಪದಾರ್ಥಗಳ ಪಟ್ಟಿ ಇಟ್ಟಿದ್ದರು. ಇಡೀ ಸಂಜೆಯಲ್ಲಿ ನನ್ನ ಮನಸ್ಸನ್ನು ಅತ್ಯಂತ ಸೆಳೆದದ್ದು ಊಟಕ್ಕಿಂತ ಹೆಚ್ಚಾಗಿ ಆ ಪಟ್ಟಿಯೇ ಎಂದರೆ ಅಡುಗೆಯವರು ಬೇಸರಪಡಬಾರದು. ಅದು ಮುದ್ರಿಸಿದ ಕಾರ್ಡಲ್ಲ, ಕಡತ. ನಾವೀಗ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವಷ್ಟೆ. ಮೂಲದಲ್ಲಿ ಅದು ಬಟ್ಟೆಗೆ ಹುಣಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಕಪ್ಪು ಪುಸ್ತಕ. ಶೃಂಗೇರಿಯ ಮಠದಲ್ಲಿ ಇಂಥ ಕಡತಗಳು ಉಳಿದುಬಂದಿವೆ. ವಿಜಯನಗರದ ದಫ್ತರಖಾನೆಯನ್ನು ನೋಡಿದ ರಜಾಕ್ ಇಲ್ಲಿಯ ಬರವಣಿಗೆಯಲ್ಲಿ ಎರಡು ಬಗೆ ಎಂದು ಗುರುತಿಸಿದ್ದಾನೆ. ಒಂದು, ಎರಡು ಬೆರಳಗಲದ ಉದ್ದನೆಯ ಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆಯುವುದು; ಆ ಗರಿಯನ್ನು ಆತ ತೆಂಗಿನದೆಂದು ತಿಳಿದದ್ದು ಹೊರಗಿನವನ ಕಣ್ಣಿಗೆ ಸಹಜವಾದ ತಪ್ಪು. ಇನ್ನೊಂದು, ಬಿಳಿಯ ಹಾಸನ್ನು ಕಪ್ಪು ಮಾಡಿ, ಮೆತ್ತನೆಯ ಕಲ್ಲನ್ನು ಲೇಖನಿಯಂತೆ ಹೆರೆದು, ಕಪ್ಪಿನ ಮೇಲೆ ಬಿಳಿಯ ಅಕ್ಷರ ಮೂಡಿಸುವುದು. ಬಳಪ ಎಂಬ ಪದ ಗೊತ್ತಿಲ್ಲದೆ ಬಳಪವನ್ನು ಇಷ್ಟು ಚೊಕ್ಕವಾಗಿ ವರ್ಣಿಸಿದ ಇನ್ನೊಬ್ಬರನ್ನು ನಾನು ಓದಿಲ್ಲ. ಒಂದನೆಯ ತರಗತಿಯಲ್ಲಿ ಸ್ಲೇಟು ಹಿಡಿದವರೆಲ್ಲ ಆ ವಾಕ್ಯ ಬಂದಾಗ ತಮ್ಮ ತಮ್ಮ ಪಟ್ಟಿಯನ್ನು ಕೈಗೆತ್ತಿಕೊಂಡು ಮೂಸಿದರು. ಹಸಿ ಗೋಡೆಗೆ ಹುಣಸೆಯ ಒಗರು ಬೆರೆಸಿದಂಥ ವಾಸನೆ. ಈ ಬಗೆಯ ಬರಹ ಬಹುಕಾಲ ಉಳಿಯುತ್ತದೆಂದು ರಜಾಕ್ ಹೇಳಿದ್ದಾನೆ. ಆತನ ಕಾಲದಲ್ಲಿ ತಣ್ಣೀರು ತುಂಬಿದ ಸ್ಟೀಲಿನ ಲೋಟಗಳು ಇರಲಿಲ್ಲ. ಲೋಟದ ಹೊರಮೈಯ ಬೆವರು ತಾಗಿ ನನ್ನ ಪಟ್ಟಿಯಲ್ಲಿ 'ಹಸಿ ಶುಂಠಿ' ಎಂಬಲ್ಲಿ 'ಹಸಿ' ಮಾತ್ರ ಉಳಿಯಿತು.

ಮೊದಲ ಭಾಗ, ಊಟದ ಬಹುಪಾಲು ಕೂಡ, ಇಬ್ನ್ ಬತೂತನದು. 1304ರಲ್ಲಿ ಮೊರಾಕ್ಕೊದ ಟ್ಯಾಂಜಿಯರಿನಲ್ಲಿ ಹುಟ್ಟಿ, 1325ರಲ್ಲಿ ಹಜ್ ಯಾತ್ರೆಗೆಂದು ಮನೆ ಬಿಟ್ಟು, ಊರಿಗೆ ಮರಳುವ ಹೊತ್ತಿಗೆ ಸುಮಾರು ಕಾಲು ಶತಮಾನ ಕಳೆದಿದ್ದ ಈ ಮಹಾಶಯ 1342ರ ಹೊತ್ತಿಗೆ ಹೊನ್ನಾವರಕ್ಕೆ ಬಂದಿದ್ದ. ಊರಿನಲ್ಲಿ ಹೆಣ್ಣುಮಕ್ಕಳಿಗೆ 13 ಮತ್ತು ಗಂಡುಮಕ್ಕಳಿಗೆ 23 ಶಾಲೆಗಳಿರುವುದನ್ನು ಎಣಿಸಿ ಬರೆದ. ಬೇರೆಲ್ಲೂ ಇಂಥದ್ದನ್ನು ಕಂಡಿಲ್ಲವೆಂದ. ಅಲ್ಲಿಯ ಹೆಂಗಸರು ಹೊಲಿದ ಬಟ್ಟೆ ತೊಡದೆ, ಒಂದೇ ವಸ್ತ್ರದ ಒಂದು ತುದಿಯನ್ನು ಸೊಂಟಕ್ಕೆ ಸುತ್ತಿ ಉಳಿದದ್ದನ್ನು ಎದೆಗೂ ತಲೆಗೂ ಹೊದೆಯುವುದನ್ನು ವರ್ಣಿಸಿದ. ಓದುವವರು ಆ ವಾಕ್ಯವನ್ನು ಮುಗಿಸುತ್ತಿದ್ದಂತೆ ಅತ್ತೆ ತಮ್ಮ ಸೆರಗನ್ನು ಒಮ್ಮೆ ನೋಡಿಕೊಂಡರು.

ಆಮೇಲೆ ಸುಲ್ತಾನ ಜಮಾಲುದ್ದೀನನ ಮನೆಯ ಊಟ. ತಾಮ್ರದ ತಟ್ಟೆ ಇಡುತ್ತಾರೆ. ಬಡಿಸುವವಳು ದೊಡ್ಡ ಸೌಟಿನಲ್ಲಿ ಅನ್ನ ಹಾಕುತ್ತಾಳೆ, ಮೇಲೆ ತುಪ್ಪ ಸುರಿಯುತ್ತಾಳೆ, ಪಕ್ಕಕ್ಕೆ ಮೆಣಸಿನ ಗೊಂಚಲು, ಹಸಿ ಶುಂಠಿ, ನಿಂಬೆ, ಮಾವು ಇವುಗಳ ಉಪ್ಪಿನಕಾಯಿ ಇಡುತ್ತಾಳೆ. ಒಂದು ತುತ್ತು ಅನ್ನ, ಅದರ ಹಿಂದೆ ಒಂದು ಚೂರು ಉಪ್ಪಿನಕಾಯಿ. ಹಾಕಿದ್ದು ಮುಗಿದರೆ ಮತ್ತೆ ಅನ್ನ, ಅದಕ್ಕೆ ಕೋಳಿ. ಮತ್ತೆ ಅನ್ನ, ಅದಕ್ಕೆ ಮೀನು. ಆಮೇಲೆ ತುಪ್ಪ ಹಾಲುಗಳಲ್ಲಿ ಬೇಯಿಸಿದ ತರಕಾರಿ. ಎಲ್ಲ ಆದ ಮೇಲೆ ಮೊಸರು. ಮೊಸರು ಬಂತೆಂದರೆ ಇನ್ನು ಬಡಿಸುವುದಕ್ಕೆ ಏನೂ ಉಳಿದಿಲ್ಲವೆಂದು ಅರ್ಥ ಎಂದು ಬತೂತ ವಿವರಿಸುತ್ತಾನೆ. ಈ ವಾಕ್ಯಕ್ಕೆ ಪಂಕ್ತಿಯಲ್ಲಿ ಕುಳಿತಿದ್ದ ಎಲ್ಲರೂ ನಕ್ಕರು. ನಮ್ಮಲ್ಲಿ ಯಾರಾದರೂ ಇದನ್ನು ಬರೆದಿಡುವಷ್ಟು ದೊಡ್ಡ ಸಂಗತಿ ಎಂದು ಎಣಿಸುತ್ತಿದ್ದರೇ? ಹೊರಗಿನಿಂದ ಬಂದವನು ಬರೆದದ್ದರಿಂದ ಹೊನ್ನಾವರದ ಒಂದು ಊಟದ ಕ್ರಮ ಸುಮಾರು 680 ವರ್ಷ ಉಳಿದುಕೊಂಡು ಬಂತು. ಅದನ್ನು ಅದೇ ಕ್ರಮದಲ್ಲಿ, ಆತುರವಿಲ್ಲದೆ, ಪ್ರತಿ ಸಲದ ಅನ್ನಕ್ಕೂ ಹೊಸದಾಗಿ ತುಪ್ಪ ಹಾಕಿ ಬಡಿಸಿದ್ದಕ್ಕೆ ನಡೆಸುವವರಿಗೆ ಪೂರ್ಣ ಅಂಕ ಕೊಡುತ್ತೇನೆ.

ಉಪ್ಪಿನಕಾಯಿಯಲ್ಲಿ ಮಾತ್ರ ಅಂಕ ಕಳೆಯಬೇಕಾಗುತ್ತದೆ. ಹಸಿರು ಕಾಳುಮೆಣಸನ್ನು ತೆನೆಯ ಸಮೇತ ಉಪ್ಪು ಮತ್ತು ನಿಂಬೆರಸದಲ್ಲಿ ಹಾಕಿದ್ದು ಅದ್ಭುತವಾಗಿತ್ತು. ತೆನೆಯನ್ನು ಹಲ್ಲಿನಲ್ಲಿ ಕಚ್ಚಿ ಎಳೆದರೆ ಕಾಳುಗಳು ಒಂದೊಂದಾಗಿ ಬಾಯಲ್ಲಿ ಉದುರಿ, ಮೊದಲು ಉಪ್ಪು, ಆಮೇಲೆ ಹುಳಿ, ಎರಡು ಕ್ಷಣ ಬಿಟ್ಟು ಗಂಟಲಿನ ಹಿಂದಿನಿಂದ ಖಾರ ಏಳುತ್ತದೆ. ಶುಂಠಿಯೂ ಹಾಗೆಯೇ, ನಾರಿಲ್ಲದ ಎಳೆಯದು. ಆದರೆ ಮಾವಿನ ಮಿಡಿ ಕೆಂಪಗೆ ಹೊಳೆಯುತ್ತ ಬಂತು. ಅತ್ತೆ ತುದಿ ಬೆರಳಿನಿಂದ ರಸ ಮುಟ್ಟಿ ನಾಲಗೆಗೆ ಇಟ್ಟು, "ಇದಕ್ಕೆ ಒಣಮೆಣಸು ಅರೆದು ಹಾಕಿದ್ದಾರಲ್ಲ ತಮ್ಮಾ, ಅವನ ಕಾಲದಲ್ಲಿ ಅದು ಎಲ್ಲಿತ್ತು?" ಎಂದರು. ಕೇಳಿದ್ದು ಸರಿಯಾಗಿತ್ತು. ಮೆಣಸಿನಕಾಯಿ ಅಮೆರಿಕ ಖಂಡದ ಗಿಡ. ಪೋರ್ಚುಗೀಸರು ಕಲ್ಲಿಕೋಟೆಗೆ ಬಂದದ್ದೇ 1498ರಲ್ಲಿ, ಮೆಣಸಿನಕಾಯಿ ನಮ್ಮ ಅಡುಗೆಮನೆ ಸೇರಿದ್ದು ಅದಕ್ಕೂ ಈಚೆಗೆ. ಅದಕ್ಕೆ ಮುಂಚೆ ಕನ್ನಡದಲ್ಲಿ ಮೆಣಸು ಎಂದರೆ ಕರಿಯ ಕಾಳು ಒಂದೇ. ಹೊಸದು ಬಂದು ಹಳೆಯದರ ಹೆಸರನ್ನು ಕಿತ್ತುಕೊಂಡ ಮೇಲೆ, ಹಳೆಯದಕ್ಕೆ ಕಾಳುಮೆಣಸು ಎಂದೂ ಕರಾವಳಿಯ ಕೆಲವೆಡೆ ಒಳ್ಳೆಮೆಣಸು ಎಂದೂ ವಿಶೇಷಣ ಅಂಟಿಸಬೇಕಾಗಿ ಬಂತು. ಎಳೆಯ ಮಾವಿನಕಾಯಿಗೆ ಉಪ್ಪು ಹಾಕಿ, ತನ್ನ ಊರಿನಲ್ಲಿ ನಿಂಬೆಯನ್ನು ಇಡುವಂತೆ ಇಲ್ಲಿ ಇಡುತ್ತಾರೆ ಎಂದು ಬತೂತ ಹೇಳುವುದು ಬರಿಯ ಉಪ್ಪಿನ ಮಿಡಿಯನ್ನು. ಅದಕ್ಕೆ ಬೇರೆ ಪಾಕಶಾಸ್ತ್ರ ಬೇಕಿಲ್ಲ. ಮಲೆನಾಡಿನಲ್ಲೂ ಕರಾವಳಿಯಲ್ಲೂ ಮಿಡಿ ಹಾಕುವವರು ಮೊದಲು ಉಪ್ಪಿನಲ್ಲಿ ಇಟ್ಟು, ಅದು ಚಿರುಟಿ ನೀರು ಬಿಟ್ಟ ಮೇಲೆಯೇ ಖಾರ ಬೆರೆಸುವುದು. ಆ ಮೊದಲ ಹಂತದಲ್ಲಿ ನಿಲ್ಲಿಸಿದ್ದರೆ ಸಾಕಿತ್ತು.

ತುಪ್ಪದ ತರಕಾರಿಯಲ್ಲಿ ಬಾಳೆಕಾಯಿ, ಬೂದುಗುಂಬಳಗಳ ನಡುವೆ ಆಲೂಗಡ್ಡೆಯ ಹೋಳುಗಳಿದ್ದವು. ಅದೂ ಪೋರ್ಚುಗೀಸರ ಈಚೆಯದು. ಕೇಳಿದಾಗ, ಆಲೂಗಡ್ಡೆ ಇಲ್ಲದಿದ್ದರೆ ಮಕ್ಕಳು ತಿನ್ನುವುದಿಲ್ಲ ಎಂಬ ಉತ್ತರ ಬಂತು. ಪಂಕ್ತಿಯಲ್ಲಿ ಇದ್ದ ಮಗು ಒಂದೇ, ಅದು ಮೆಣಸಿನ ತೆನೆಯನ್ನು ಮೂರು ಸಲ ಹಾಕಿಸಿಕೊಂಡಿತು. ಉಳಿದಂತೆ ಬತೂತನ ಭಾಗದಲ್ಲಿ ದೂರಿಲ್ಲ. ಇನ್ನೊಮ್ಮೆ ಇದೇ ಸುಲ್ತಾನನ ಬಳಿ 11 ತಿಂಗಳು ರೊಟ್ಟಿಯ ಮುಖ ಕಾಣದೆ ಇದ್ದೆ, ಮಲಬಾರು, ಸಿಂಹಳ, ಮಾಲ್ಡೀವ್ಸ್ ಎಂದು ಸುತ್ತಿದ ಮೂರು ವರ್ಷವೂ ಅನ್ನವನ್ನೇ ತಿಂದು ತಿಂದು ಕೊನೆಗೆ ನೀರು ಕುಡಿದೇ ಅದನ್ನು ನುಂಗಬೇಕಾಯಿತು ಎಂದು ಆತ ಗೋಳಾಡುವ ಭಾಗವನ್ನು ನಾಲ್ಕನೆಯ ಸುತ್ತಿನ ಅನ್ನ ಬರುವ ಹೊತ್ತಿಗೆ ಸರಿಯಾಗಿ ಓದಿದರು. ಬಡಿಸುತ್ತಿದ್ದ ಹುಡುಗ ಸೌಟು ಹಿಡಿದು ಎದುರಿಗೆ ನಿಂತಿದ್ದ. ಬೇಡವೆನ್ನಲು ನಮಗೆ ಒಬ್ಬ ಪ್ರಾಚೀನ ಸಾಕ್ಷಿ ಸಿಕ್ಕಿದ್ದ.

ಎರಡನೆಯ ಭಾಗಕ್ಕೆ ಕಿಚಡಿ. ಮೂವರು ಯಾತ್ರಿಕರೂ ಬರೆದಿರುವ ಒಂದು ಪದಾರ್ಥವನ್ನು ಆರಿಸಿಕೊಂಡದ್ದು ಜಾಣತನ. ಹೆಸರುಕಾಳನ್ನು ಅಕ್ಕಿಯ ಜೊತೆ ಬೇಯಿಸಿ ತುಪ್ಪ ಹಾಕಿ ಬೆಳಗಿನ ಹೊತ್ತು ತಿನ್ನುತ್ತಾರೆಂದು ಬತೂತ. ಕಿಚಡಿಯನ್ನು ಬಲಗೈಯಿಂದಲೇ ತಿನ್ನುತ್ತಾರೆ, ಚಾಕುವಿಲ್ಲ ಚಮಚವಿಲ್ಲ ಎಂದು 1470ರ ದಶಕದ ಆರಂಭದ ಹೊತ್ತಿಗೆ ಬಹಮನಿ ಬೀದರಿನಲ್ಲಿದ್ದ ರಷ್ಯದ ವರ್ತಕ ಅಫನಾಸಿ ನಿಕಿಟಿನ್. ಆದರೆ ಎಲ್ಲಕ್ಕಿಂತ ಸೊಗಸಾದದ್ದು ರಜಾಕನ ವರ್ಣನೆ. ವಿಜಯನಗರದಲ್ಲಿ ಕಿಚಡಿಯನ್ನು ಅರಮನೆಯ ಆನೆಗಳಿಗೆ ತಿನ್ನಿಸುತ್ತಿದ್ದರಂತೆ. ಬೆಂದ ಕಿಚಡಿಯನ್ನು ಹಂಡೆಯಿಂದ ತೆಗೆದು, ಉಪ್ಪು ಬೆರೆಸಿ, ಸಕ್ಕರೆ ಉದುರಿಸಿ, ಎರಡೆರಡು ಮಣದ ಉಂಡೆ ಕಟ್ಟಿ, ಬೆಣ್ಣೆಯಲ್ಲಿ ಅದ್ದಿ ಮಾವುತರು ಆನೆಯ ಬಾಯಿಗೆ ಇಡುತ್ತಿದ್ದರು. ನಮಗೆ ಬಂದದ್ದು ನೆಲ್ಲಿಕಾಯಿ ಗಾತ್ರದ ಒಂದು ಉಂಡೆ. ರುಚಿಯಾಗಿತ್ತು, ಉಪ್ಪು ಸಕ್ಕರೆ ಎರಡೂ ನಾಲಗೆಗೆ ತಾಗುವ ಹಾಗೆ ಹದವಾಗಿತ್ತು. ಆದರೆ ಆನೆಯ ಊಟವನ್ನು ಅಷ್ಟು ಹೊತ್ತು ಓದಿ ಹೇಳಿ ಇರುವೆಯ ಪಾಲನ್ನು ಬಡಿಸುವುದು ನ್ಯಾಯವಲ್ಲ. ಮೇಲೆ ಅಲಂಕಾರಕ್ಕೆ ಇಟ್ಟಿದ್ದ ಗೋಡಂಬಿ ಕೂಡ ಬ್ರೆಜಿಲಿನಿಂದ ಪೋರ್ಚುಗೀಸರ ಕೈಯಲ್ಲಿ ಬಂದದ್ದೇ. ರಜಾಕನಿಗೆ ಅರಮನೆಯಿಂದ ದಿನಕ್ಕೆ ಎರಡು ಕುರಿ, ನಾಲ್ಕು ಜೊತೆ ಕೋಳಿ, ಐದು ಮಣ ಅಕ್ಕಿ, ಒಂದು ಮಣ ಬೆಣ್ಣೆ, ಒಂದು ಮಣ ಸಕ್ಕರೆ, ಎರಡು ವರಹ ಬರುತ್ತಿದ್ದವು ಎಂಬ ಪಟ್ಟಿಯನ್ನು ಓದಿದಾಗ ನನ್ನ ಪಕ್ಕದವರು ತಮ್ಮ ಎಲೆಯ ಉಂಡೆಯನ್ನೇ ದಿಟ್ಟಿಸಿ ನೋಡುತ್ತಿದ್ದರು.

ನಿಕಿಟಿನನ ಹಕ್ಕಿಯ ಕಥೆಯನ್ನು ಓದಿದ ರೀತಿ ಚೆನ್ನಾಗಿತ್ತು. ಆಳಂದದಲ್ಲಿ ಗುಕೂಕ್ ಎಂಬ ಹಕ್ಕಿಯಿದೆ, ಅದು ರಾತ್ರಿ ಗುಕೂಕ್ ಎಂದು ಕೂಗುತ್ತ ಹಾರುತ್ತದೆ, ಯಾರ ಮನೆಯ ಮೇಲೆ ಕೂರುತ್ತದೋ ಆ ಮನೆಯಲ್ಲಿ ಸಾವಾಗುತ್ತದೆ, ಕೊಲ್ಲಹೋದರೆ ಬಾಯಿಂದ ಬೆಂಕಿ ಕಾರುತ್ತದೆ ಎಂದು ಆತ ನಂಬಿ ಬರೆದಿದ್ದಾನೆ. ಬೆಂಕಿಯೊಂದನ್ನು ಬಿಟ್ಟರೆ ಇದು ನಮ್ಮ ಗೂಬೆಯೇ. ಓದುವವರು ಅದನ್ನು ವಿವರಿಸಲು ಹೋಗದೆ, ದೀಪವನ್ನೂ ಆರಿಸದೆ, ಓದಿ ಸುಮ್ಮನಾದರು. ಸಂಜೆಯುದ್ದಕ್ಕೂ ಅವರು ಹೀಗೆಯೇ ಇದ್ದಿದ್ದರೆ ಚೆನ್ನಾಗಿತ್ತು.

ಇರಲಿಲ್ಲ. ವಿಜಯನಗರದ ಭಾಗಕ್ಕೆ ಬಂದಾಗ ಜರತಾರಿ ರುಮಾಲು ಏರಿತು, ಧ್ವನಿವರ್ಧಕ ಬಂತು, ಧ್ವನಿ ನಾಟಕದ ರಾಜಪಾರ್ಟಿನದಾಯಿತು. ಇಂಥ ನಗರವನ್ನು ಕಣ್ಣು ಕಂಡಿಲ್ಲ, ಕಿವಿ ಕೇಳಿಲ್ಲ ಎಂಬ ರಜಾಕನ ಪ್ರಸಿದ್ಧ ಮಾತನ್ನು ಮೂರು ಸಲ ಹೇಳಿದರು. 24 ಜನರ ನಡುಮನೆಗೆ ಧ್ವನಿವರ್ಧಕ ಏಕೆ ಬೇಕು? ಅದನ್ನಾದರೂ ಸಹಿಸಬಹುದು. ಆದರೆ ಆ ಆವೇಶದಲ್ಲಿ, ರಜಾಕ್ ಕಂಡ ರಾಜ ಬೆಳಗಿನ ಜಾವ ಎಳ್ಳೆಣ್ಣೆ ಕುಡಿದು, ಮೈಗೂ ಬಳಿದುಕೊಂಡು, ಭಾರ ಎತ್ತಿ, ಕುಸ್ತಿ ಮಾಡುತ್ತಿದ್ದ ಎಂದುಬಿಟ್ಟರು. ಅದು ರಜಾಕ್ ಬರೆದದ್ದಲ್ಲ, ಆ ರಾಜ ದೇವರಾಯನೂ ಅಲ್ಲ. 1520ರ ಸುಮಾರಿಗೆ ಪೋರ್ಚುಗೀಸ್ ವರ್ತಕ ಡೊಮಿಂಗೊ ಪಾಯಸ್ ಕೃಷ್ಣದೇವರಾಯನ ಬಗ್ಗೆ ಬರೆದದ್ದು. ನಡುವೆ ಎಪ್ಪತ್ತೇಳು ವರ್ಷಗಳಿವೆ, ರಾಜವಂಶವೇ ಎರಡು ಸಲ ಬದಲಾಗಿದೆ. ರಜಾಕ್ ಕಂಡ ದೇವರಾಯ ನಲವತ್ತು ಕಂಬದ ಮಂಟಪದಲ್ಲಿ ಹಸಿರು ರೇಷ್ಮೆಯುಟ್ಟು, ಮುತ್ತಿನ ಹಾರ ಧರಿಸಿ ಕುಳಿತಿದ್ದ ತೆಳ್ಳನೆಯ, ಎತ್ತರದ ಯುವಕ. ಮೂಲದಲ್ಲಿ ಇಷ್ಟು ನಿಖರವಾದ ಚಿತ್ರವಿರುವಾಗ ಇನ್ನೊಬ್ಬನ ಎಣ್ಣೆಯನ್ನು ತಂದು ಇವನ ಮೈಗೆ ಬಳಿಯುವುದು ಏಕೆ? ಕಾರ್ಯಕ್ರಮ ಮುಗಿದ ಮೇಲೆ ಪಕ್ಕಕ್ಕೆ ಕರೆದು ತಿಳಿಸಿದೆ. ಓದುವವರು ಸಂಕೋಚದಿಂದ ಒಪ್ಪಿಕೊಂಡು, ಮುಂದಿನ ಸಲ ತಿದ್ದುತ್ತೇನೆಂದು ಕಡತದ ಅಂಚಿನಲ್ಲಿಯೇ ಬಳಪದಿಂದ ಗುರುತು ಹಾಕಿಕೊಂಡರು.

ವೀಳ್ಯದ ಭಾಗ ಮತ್ತೆ ಹದಕ್ಕೆ ಬಂತು. ಬೆಳ್ಳಿ ಬಂಗಾರ ಕೊಡುವುದಕ್ಕಿಂತ ವೀಳ್ಯದೆಲೆ ಕೊಡುವುದೇ ಈ ಜನರಲ್ಲಿ ದೊಡ್ಡ ಮರ್ಯಾದೆ ಎಂದು ಬತೂತ ಬರೆದರೆ, ದೇವರಾಯ ತನಗೆ ವೀಳ್ಯದ ಕಟ್ಟುಗಳ ಜೊತೆ 500 ಪಣದ ಚೀಲವನ್ನೂ 20 ಮಿಸ್ಕಾಲ್ ತೂಕದ ಕರ್ಪೂರವನ್ನೂ ಕೊಡಿಸುತ್ತಿದ್ದನೆಂದು ರಜಾಕ್ ಬರೆದಿದ್ದಾನೆ. ಅಡಿಕೆಯನ್ನು ಜಜ್ಜಿ ಬಾಯಿಗೆ ಹಾಕಿಕೊಂಡು, ಎಲೆಗೆ ಸುಣ್ಣ ಸವರಿ ಮಡಿಸುವುದನ್ನು ಆತ ಔಷಧ ತಯಾರಿಸುವ ಕ್ರಮದಂತೆ ಹಂತ ಹಂತವಾಗಿ ಹೇಳುತ್ತಾನೆ. ರಾಜನ 700 ಮಂದಿಯ ಅಂತಃಪುರಕ್ಕೂ ಈ ಎಲೆಯ ಗುಣಕ್ಕೂ ಆತ ಕಲ್ಪಿಸುವ ಸಂಬಂಧವನ್ನು ಮಾತ್ರ, ಮಗುವೊಂದು ಕುಳಿತಿದ್ದುದರಿಂದ ಇರಬೇಕು, ಹಾರಿಸಿಬಿಟ್ಟರು. ಖಾದ್ಯ ಕರ್ಪೂರದ ಒಂದು ಕಣವಿಟ್ಟು ಮಡಿಸಿದ ಎಲೆ ಚೆನ್ನಾಗಿತ್ತು. ಅಡಿಕೆ ಕೂಡ ಹೊಸದು.

ಕೆಲವು ವ್ಯಾವಹಾರಿಕ ಸಂಗತಿಗಳು. ಆರೂವರೆಗೆ ಬರಹೇಳಿ ಏಳೂಕಾಲಿಗೆ ಆರಂಭಿಸಿದರು. ನಡುವೆ ಒಂದು ಲೋಟ ಪಾನಕ ಕೊಟ್ಟದ್ದು ಬಿಟ್ಟರೆ ವಿವರಣೆಯಿಲ್ಲ. ಮಣೆಯ ಮೇಲೆ ನೆಲದಲ್ಲಿ ಕೂರಬೇಕು. ಮಂಡಿ ನೋವಿನವರು ಮೊದಲೇ ತಿಳಿಸಿದರೆ ಮೇಜು ಕುರ್ಚಿ ಹಾಕಿಕೊಡುತ್ತಾರೆ. ಕೈ ತೊಳೆಯುವ ನಲ್ಲಿ ಒಂದೇ. ದಿನ ಬದಲಿಸಿದರೆ ಹಣ ಹಿಂದಿರುಗಿಸುವುದಿಲ್ಲ ಎಂಬ ನಿಯಮವನ್ನು ದುಡ್ಡು ಕಟ್ಟಿದ ಮೇಲೆ ತಿಳಿಸುವುದು ಸರಿಯಲ್ಲ. ಅಡುಗೆಮನೆ ಅಚ್ಚುಕಟ್ಟಾಗಿದೆ, ಬಡಿಸುವವರು ಮರ್ಯಾದಸ್ಥರು, ಇನ್ನಷ್ಟು ಎಂದರೆ ಮುಖ ಗಂಟಿಕ್ಕುವುದಿಲ್ಲ. ಐದಕ್ಕೆ ಮೂರೂವರೆ ಅಂಕ. ಮೆಣಸಿನಕಾಯಿಯನ್ನೂ ರುಮಾಲನ್ನೂ ತೆಗೆದರೆ ನಾಲ್ಕೂವರೆ.

ಮೊಸರಿನ ಮೇಲೆ ಹಿತ್ತಾಳೆಯ ಲೋಟದಲ್ಲಿ ಬಿಸಿನೀರು ಕೊಟ್ಟರು. ಮಳೆಗಾಲದಲ್ಲಿ ತಣ್ಣೀರು ಕುಡಿದರೆ ಕೆಡುಕೆಂದು ಊಟದ ಕೊನೆಗೆ ಬಿಸಿನೀರನ್ನೇ ಕುಡಿಯುತ್ತಾರೆ ಎಂದು ಬತೂತ ಬರೆದಿರುವ ಕಾರಣಕ್ಕೆ. ಅತ್ತೆ ಓದುವವರ ವಿವರಣೆಗೆ ಕಾಯದೆ ಅದನ್ನು ಕುಡಿದು ಮುಗಿಸಿ, ಅಡುಗೆಯವರನ್ನು ಹುಡುಕಿಕೊಂಡು ಒಳಗೆ ಹೋದರು. ಹದಿನೈದು ನಿಮಿಷ ಕಳೆದು ಹೊರಬಂದಾಗ, ನವರಾತ್ರಿಗೆ ಊರಿಗೆ ಹೋಗಿ ಬರುವಾಗ ಖಾರ ಸೋಕದ ಉಪ್ಪುನೀರಿನ ಮಿಡಿಯನ್ನು ಒಂದು ಭರಣಿ ತಂದುಕೊಡುವುದೆಂದು ಅಲ್ಲಿ ಮಾತಾಗಿತ್ತು. ಭರಣಿಯನ್ನು ಹೊನ್ನಾವರದ ಬಸ್ಸಿನಿಂದ ಇಳಿಸಿ ಬಸವನಗುಡಿಗೆ ತಲುಪಿಸುವ ಕೆಲಸ ನನ್ನದಂತೆ.